ಒಂದು ನಿಮಿಷದ ನಿಲುಗಡೆ

ರೈಲು ಪೂರ್ತಿ ನಿಲ್ಲುವ ಮೊದಲೇ, ಬಾಗಿಲ ಬಳಿ ನಿಂತಿದ್ದ ಅಜ್ಜಿ ತಮ್ಮ ಬಿದಿರು ಬುಟ್ಟಿಯನ್ನು ನನ್ನ ಕೈಗಿಟ್ಟರು. "ಸ್ವಲ್ಪ ಹಿಡ್ಕೋಪ್ಪಾ, ಇಲ್ಲಿ ಜಾಸ್ತಿ ಹೊತ್ತು ನಿಲ್ಲಲ್ಲ" ಅಂದರು. ಬುಟ್ಟಿ ಖಾಲಿ ಇತ್ತು. ತಳದಲ್ಲಿ ಹರಡಿದ್ದ ಗೋಣಿತಾಟಿನಿಂದ ಅವರೆಕಾಯಿಯ ಸೊಗಡು ಇನ್ನೂ ಹೋಗಿರಲಿಲ್ಲ. ನಸುಕಿನ ಗಾಡಿಗೆ ಕಾಯಿ ಹೊತ್ತು ಬೆಂಗಳೂರಿಗೆ ಹೋದವರು, ಮಾರಿ, ಮೊಮ್ಮಕ್ಕಳಿಗೆ ಒಂದು ಪೊಟ್ಟಣ ಬನ್ನು ಕಟ್ಟಿಸಿಕೊಂಡು ಮರಳುತ್ತಿದ್ದರು. ಮೊದಲು ಅವರು ಇಳಿದರು, ಆಮೇಲೆ ಬುಟ್ಟಿ ಇಳಿಯಿತು, ಕೊನೆಗೆ ನಾನು. ಮುಂದಿನ ಬೋಗಿಗಳಿಂದ ಮತ್ತೆ ಮೂವರು ಇಳಿದಿದ್ದರು. ಕೊನೆಯ ಬೋಗಿಯಿಂದ ಹಸಿರು ಬಾವುಟ ಆಡಿತು, ಸೀಟಿ ಕೇಳಿಸಿತು, ರೈಲು ಚಿಕ್ಕಬಳ್ಳಾಪುರದ ಕಡೆ ಹೊರಟುಹೋಯಿತು. ಒಂದು ನಿಮಿಷವೂ ಆಗಿರಲಿಕ್ಕಿಲ್ಲ.

ಇಳಿದವರು ಹೊಲದ ಬದುವಿನ ಕಾಲುದಾರಿ ಹಿಡಿದರು. ಪ್ಲಾಟ್‌ಫಾರಂ ಮೇಲೆ ನಾನೊಬ್ಬನೇ ಉಳಿದೆ. ಹಳದಿ ಹಲಗೆಯ ಮೇಲೆ ಕಪ್ಪಕ್ಷರದಲ್ಲಿ ನಂದಿ ಹಾಲ್ಟ್ ಎಂದಿತ್ತು. ಅದರ ಹಿಂದೆ, ಅರ್ಧ ಮಂಜು ಹೊದ್ದುಕೊಂಡೇ ಇದ್ದ ನಂದಿಬೆಟ್ಟ. ಟಿಕೆಟ್ ಕೇಳುವವರಿಲ್ಲ, ಟಿಕೆಟ್ ಕೊಡುವವರಿಲ್ಲ. ಗಂಟೆ ಬಾರಿಸುವವರೂ ಇಲ್ಲ. ಒಂದು ಮೈನಾ ಹಕ್ಕಿ ಮಾತ್ರ ಹಳಿಯ ಮೇಲೆ ಕೂತು, ರೈಲು ಬಿಟ್ಟುಹೋದ ಕಂಪನವನ್ನು ಕಾಲಲ್ಲಿ ಅಳೆಯುತ್ತಿದ್ದಂತೆ ತಲೆ ವಾಲಿಸಿತ್ತು.

ರೈಲು ನಿಲ್ದಾಣ ಎಂಬ ಮಾತನ್ನು ನಾವು ಎಷ್ಟು ಸಲೀಸಾಗಿ ಆಡುತ್ತೇವೆ! ಅದರಲ್ಲಿರುವುದು ನಿಲ್ಲುವುದು ಮತ್ತು ತಾಣ, ಅಷ್ಟೇ. ಮಾಸ್ತರರಿಲ್ಲ, ಕ್ಯಾಂಟೀನಿಲ್ಲ, ಎಸ್ಕಲೇಟರಿಲ್ಲ. ಆ ಮಾತಿನ ಮೂಲ ಅರ್ಥಕ್ಕೆ ಸರಿಯಾಗಿ ಹೊಂದುವ ಜಾಗ ಇದು ಅನ್ನಿಸಿತು.

ನನ್ನ ಅಜ್ಜಿಯ ತವರು ಶಿಡ್ಲಘಟ್ಟದ ಕಡೆ. ಅವರ ಬಾಯಲ್ಲಿ ಇದು ಯಾವತ್ತೂ "ಸಣ್ಣ ರೈಲು". ಬೆಂಗಳೂರಿನಿಂದ ತವರಿಗೆ ಹೋಗುವುದೆಂದರೆ ಸಣ್ಣ ರೈಲಿಗೆ ಹೋಗುವುದು. ನಡುವೆ ಬರುವ ನಿಲ್ದಾಣಗಳ ಹೆಸರನ್ನು ಅವರು ರಾಗಿ ಬೀಸುವಾಗ ಹೇಳುವ ಪದದ ಹಾಗೆ ಒಂದೇ ಉಸಿರಿಗೆ ಹೇಳುತ್ತಿದ್ದರು: ಬೆಟ್ಟಹಲಸೂರು, ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ. ಅವರು ಹೋಗಿ ಬಹಳ ವರ್ಷಗಳಾದವು. ಹೆಸರುಗಳ ಆ ಸಾಲು ಮಾತ್ರ ನನ್ನಲ್ಲಿ ಉಳಿದುಕೊಂಡಿತ್ತು. ಅದನ್ನು ಒಂದು ಸಲ ಕಣ್ಣಿಂದ ಓದಬೇಕೆಂದು ಮಾಗಿಯ ಒಂದು ಬೆಳಿಗ್ಗೆ ಹೊರಟಿದ್ದೆ.

ಯಲಹಂಕ ದಾಟಿದ ಮೇಲೆ ಹಳಿ ಎರಡಾಗುತ್ತದೆ. ಒಂದು ದೊಡ್ಡಬಳ್ಳಾಪುರ, ಗೌರಿಬಿದನೂರು, ಹಿಂದೂಪುರ ಎಂದು ಗುಂತಕಲ್ಲಿಗೆ ಹೋಗುತ್ತದೆ. ಇನ್ನೊಂದು ನಮ್ಮ ಸಣ್ಣ ರೈಲಿನ ದಾರಿ. ಬೆಟ್ಟಹಲಸೂರಿನ ಕಲ್ಲುಬಂಡೆಗಳ ನೆಲ ದಾಟಿ ದೊಡ್ಡಜಾಲಕ್ಕೆ ಬರುವಷ್ಟರಲ್ಲಿ, ತಲೆಯ ಮೇಲೆ ವಿಮಾನಗಳು ಚಕ್ರ ಬಿಡಿಸಿಕೊಂಡು ಇಳಿಯತೊಡಗಿದವು. ದೇವನಹಳ್ಳಿಗೆ ಮೊದಲು ಈಗ ಅಜ್ಜಿಯ ಪಟ್ಟಿಯಲ್ಲಿರದ ಹೊಸ ಹೆಸರೊಂದಿದೆ. ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಹಾಲ್ಟ್. 2008ರಲ್ಲಿ ವಿಮಾನ ನಿಲ್ದಾಣ ಶುರುವಾಯಿತು. ಪಕ್ಕದಲ್ಲೇ ಹಾದುಹೋಗುತ್ತಿದ್ದ ಈ ರೈಲು ಅದಕ್ಕಾಗಿ ನಿಲ್ಲತೊಡಗಿದ್ದು 2021ರ ಜನವರಿಯಲ್ಲಿ. ಅಷ್ಟು ದೊಡ್ಡ ಹೆಸರಿನ ಕೊನೆಗೂ ಅದೇ ಪುಟ್ಟ ಪದ ಸೇರಿಕೊಂಡಿತು: ಹಾಲ್ಟ್. ಅಲ್ಲಿ ಇಳಿದವರು ನೀಲಿ ಸಮವಸ್ತ್ರದ ಹುಡುಗ ಹುಡುಗಿಯರು. ಪಾಳಿಯ ಕೆಲಸಕ್ಕೆ ಹೋಗುವವರು, ಕೊರಳಲ್ಲಿ ಗುರುತಿನ ಚೀಟಿ, ಕೈಯಲ್ಲಿ ಊಟದ ಡಬ್ಬಿ.

ದೇವನಹಳ್ಳಿ ಎಂದರೆ ಚಕ್ಕೋತ, ಕೋಟೆ, ಟಿಪ್ಪು ಹುಟ್ಟಿದ ಊರು. ಆವತಿ ಎಂದರೆ ಅದಕ್ಕೂ ಹಿಂದಿನ ಕಥೆ. ವಲಸೆ ಬಂದ ಆವತಿ ನಾಡಪ್ರಭುಗಳ ಮನೆತನ ಮೊದಲು ನೆಲೆನಿಂತ ಊರು ಅದು. ದೇವನಹಳ್ಳಿಯ ಕೋಟೆ, ಚಿಕ್ಕಬಳ್ಳಾಪುರದ ಪಾಳೆಯಪಟ್ಟು ಎಲ್ಲ ಅದೇ ಬಳ್ಳಿಯ ಕುಡಿಗಳು. ಇಷ್ಟು ಚರಿತ್ರೆಯನ್ನು ರೈಲು ಒಂದೊಂದು ನಿಮಿಷ ನಿಂತು ದಾಟಿಬಿಡುತ್ತದೆ. ಕಿಟಕಿಯಾಚೆ ದ್ರಾಕ್ಷಿ ಚಪ್ಪರ, ಹಿಪ್ಪುನೇರಳೆ ತೋಟ, ಗುಲಾಬಿಯ ಬಿಳಿ ಪಾಲಿಹೌಸುಗಳು, ಕಣದಲ್ಲಿ ಒಟ್ಟಿದ ರಾಗಿ ಮೆದೆ ಒಂದರ ಹಿಂದೊಂದು ಬಂದುಹೋದವು.

ಮೈಸೂರು ಸೀಮೆಗೆ ರೈಲು ಬಂದದ್ದು ದೊಡ್ಡವರ ಅಗತ್ಯಕ್ಕೆ. 1864ರಲ್ಲಿ ಜೋಲಾರಪೇಟೆಯ ಕಡೆಯಿಂದ ಬೆಂಗಳೂರಿನ ದಂಡಿಗೆ ಮದ್ರಾಸಿನ ಹಳಿ ಬಂತು. 1876ರಿಂದ 78ರವರೆಗಿನ ಆ ಘೋರ ಬರದ ನಂತರ ಬೆಂಗಳೂರು–ಮೈಸೂರು ಮಾರ್ಗ ಎದ್ದು 1882ಕ್ಕೆ ಮುಗಿಯಿತು. 1890ರ ದಶಕದ ಹೊತ್ತಿಗೆ ಗುಂತಕಲ್ ಮಾರ್ಗ ಯಲಹಂಕವನ್ನು ಮುಟ್ಟಿತ್ತು. ಇವೆಲ್ಲ ರಾಜಧಾನಿಗಳನ್ನು, ದಂಡುಗಳನ್ನು, ಬಂದರುಗಳನ್ನು ಜೋಡಿಸಿದ ಹಳಿಗಳು. ಬೆಟ್ಟದ ಬುಡದ ಕೆರೆ ಬಯಲಿನ ರೈತ, ರೇಷ್ಮೆ ಗೂಡಿನ ವ್ಯಾಪಾರಿ, ಸಂತೆಗೆ ಹೋಗುವ ಹೆಂಗಸು, ಇವರ ಲೆಕ್ಕ ಅದರಲ್ಲಿರಲಿಲ್ಲ.

ಆ ಲೆಕ್ಕ ಹಾಕಿದ್ದು ಸಣ್ಣ ರೈಲು. 1913ರಲ್ಲಿ ಬೌರಿಂಗ್‌ಪೇಟೆಯಿಂದ, ಅಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಒಂದು ನ್ಯಾರೋಗೇಜ್ ಹಳಿ ಬಂತು. ಅದು ಹೆಸರಿನಲ್ಲೇ ಕೋಲಾರ ಜಿಲ್ಲಾ ಬೋರ್ಡಿನ ರೈಲು. ಈ ಕಡೆಯಿಂದ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಕಂಪನಿ ಯಲಹಂಕದಿಂದ ಹಳಿ ಹಾಸಿಕೊಂಡು ಬಂತು. ರೈಲು ಈ ಬಯಲಿಗೆ ಬಂದದ್ದು 1915ರಲ್ಲಿ. ಮುಂದೆ ಚಿಕ್ಕಬಳ್ಳಾಪುರ, ಶಿಡ್ಲಘಟ್ಟ, ಚಿಂತಾಮಣಿ, ಶ್ರೀನಿವಾಸಪುರದ ಮೂಲಕ ಎರಡೂ ಕೊನೆ ಕೂಡಿಕೊಂಡು, ಯಲಹಂಕದಿಂದ ಬಂಗಾರಪೇಟೆಯವರೆಗೆ ಒಂದೇ ಎಳೆಯಾಯಿತು.

1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದವರು ಎಂ. ವಿಶ್ವೇಶ್ವರಯ್ಯನವರು. ಅವರು ಹುಟ್ಟಿದ ಮುದ್ದೇನಹಳ್ಳಿ ಈ ನಿಲ್ದಾಣದಿಂದ ಕೆಲವೇ ಮೈಲಿ. ಅವರು ಓದಲೆಂದು ಚಿಕ್ಕಬಳ್ಳಾಪುರದಿಂದ ಬೆಂಗಳೂರಿಗೆ ಹೊರಟ ಕಾಲಕ್ಕೆ ಈ ಹಾದಿಯಲ್ಲಿ ಹಳಿಯೂ ಇರಲಿಲ್ಲ, ಹೊಗೆಯೂ ಇರಲಿಲ್ಲ. ಆ ಹಳ್ಳಿಯ ಹುಡುಗ ದಿವಾನಗಿರಿಯ ಕುರ್ಚಿಯಲ್ಲಿದ್ದಾಗಲೇ ಅವರ ಊರಿನ ಬಯಲಿಗೆ ರೈಲು ಬಂತು. ಅವರ ಸಮಾಧಿಯೂ ಆ ಊರಲ್ಲೇ ಇದೆ. ಕನ್ನಂಬಾಡಿ ಕಟ್ಟೆಯ ಜೊತೆ ಅವರ ಹೆಸರು ಹೇಳುವ ನಾವು, ಅವರ ಕಾಲದಲ್ಲಿ ಹುಟ್ಟಿದ ಈ ಸಣ್ಣ ಹಳಿಯನ್ನೂ ಒಮ್ಮೊಮ್ಮೆ ನೆನೆಯಬೇಕು.

ಎಷ್ಟು ಸಣ್ಣದು? ಎರಡು ಹಳಿಗಳ ನಡುವೆ ಎರಡೂವರೆ ಅಡಿ, 762 ಮಿಲಿಮೀಟರ್. ನಮ್ಮ ಹಳೆಯ ಮನೆಗಳ ಬಚ್ಚಲುಬಾಗಿಲಿನಷ್ಟು ಅಗಲ. ಈಗ ನನ್ನೆದುರಿಗಿರುವ ಬ್ರಾಡ್‌ಗೇಜ್ ಹಳಿಯ ನಡುವೆ 1676 ಮಿಲಿಮೀಟರ್, ಅದರ ಎರಡರಷ್ಟಕ್ಕೂ ಹೆಚ್ಚು. ಸಣ್ಣ ಹಳಿಗೆ ಕಡಿಮೆ ಕಬ್ಬಿಣ ಸಾಕು, ಕಡಿಮೆ ಮಣ್ಣು ಸಾಕು, ಬಿಗಿಯಾದ ತಿರುವಿನಲ್ಲೂ ಅದು ಒಗ್ಗಿಕೊಂಡು ಹೋಗುತ್ತದೆ. ಕೆರೆ ಏರಿ, ಬಂಡೆ, ತೋಪುಗಳನ್ನು ಸುತ್ತಿಕೊಂಡು ಹೋಗಲು ಅದಕ್ಕೆ ಬೇಸರವಿಲ್ಲ. ಕೈಲಿದ್ದಷ್ಟು ಹಣದಲ್ಲಿ ಹೆಚ್ಚು ಊರು ಮುಟ್ಟಬೇಕು ಎನ್ನುವವರಿಗೆ ಅದೇ ಸರಿಯಾದ ದಾರಿ. ಅದರ ವೇಗ ಕಡಿಮೆ ಇತ್ತು. ಆದರೆ ಊರಿಗೊಂದು ನಿಲುಗಡೆ ಕೊಡುವ ಧಾರಾಳತನ ಅದಕ್ಕಿತ್ತು.

ನಿಲ್ದಾಣದ ಹಳೆಯ ಕಟ್ಟಡದ ಜಗಲಿಗೆ ಬಂದು ಕೂತೆ. ದಪ್ಪ ಗೋಡೆ, ಇಳಿಜಾರು ಹಂಚಿನ ಮಾಡು. ಒಳಗೆ ಕಾಲಿಟ್ಟರೆ ನಮ್ಮ ಕಡೆಯ ಹಳೇ ಶಾಲೆಗಳ ಹಾಗೆ ತಂಪು. ಟಿಕೆಟ್ ಕಿಂಡಿ ಎದೆಮಟ್ಟಕ್ಕಿತ್ತು. ಅದರ ಕೆಳ ಅಂಚನ್ನು ಬೆರಳಿಂದ ಮುಟ್ಟಿ ನೋಡಿದೆ. ನಡುವಿನಲ್ಲಿ ಒಂದು ಕಡೆ ಸ್ವಲ್ಪ ತಗ್ಗು, ನುಣುಪು, ಅಡುಗೆಮನೆಯ ಒರಳಿನ ಬಾಯಂಚು ಸವೆದ ಹಾಗೆ. ಕಾಸು ತಳ್ಳಿದ ಬೆರಳುಗಳು, ಚೀಟಿ ಎಳೆದುಕೊಂಡ ಬೆರಳುಗಳು, ವರ್ಷಗಟ್ಟಲೆ ಅಲ್ಲೇ ಉಜ್ಜಿ ಮಾಡಿದ ತಗ್ಗು. ನನ್ನ ಅಜ್ಜಿ ಕೊಳ್ಳುತ್ತಿದ್ದುದು ದಪ್ಪ ರಟ್ಟಿನ, ಹೆಬ್ಬೆಟ್ಟಿನಗಲದ ಟಿಕೆಟ್ಟು. ಟಿಕ್ ಎಂದು ತಾರೀಖು ಒತ್ತಿಸಿಕೊಂಡು ಕಿಂಡಿಯಿಂದ ಹೊರಬರುತ್ತಿದ್ದ ಅದನ್ನು ಅವರು ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಿದ್ದರು. ನನ್ನದು ಫೋನಿನೊಳಗಿನ ಟಿಕೆಟ್ಟು. ಅದಕ್ಕೆ ಕಿಂಡಿಯೂ ಬೇಡ, ಗಂಟೂ ಬೇಡ.

ಹಾಲ್ಟ್ ಎಂದರೆ ರೈಲ್ವೆಯ ಭಾಷೆಯಲ್ಲಿ ತುಂಬ ಸರಳ ಏರ್ಪಾಟು. ದೊಡ್ಡ ನಿಲ್ದಾಣಗಳು ಒಂದಕ್ಕೊಂದು ಮಾತಾಡಿಕೊಂಡು ರೈಲುಗಳನ್ನು ಬಿಡುತ್ತವೆ. ಸಿಗ್ನಲ್ಲು, ಕೂಡುಹಳಿ, ಮಾಸ್ತರರ ಕೋಣೆ ಎಲ್ಲ ಅವುಗಳ ಸೊತ್ತು. ಹಾಲ್ಟಿಗೆ ಆ ಅಧಿಕಾರವಿಲ್ಲ. ಅನೇಕ ಕಡೆ ರೈಲ್ವೆಯ ನೌಕರರೂ ಇರುವುದಿಲ್ಲ. ಕಮಿಷನ್ ಮೇಲೆ ಟಿಕೆಟ್ ಮಾರುವ ಸ್ಥಳೀಯರೊಬ್ಬರು ಇದ್ದರೆ ಇದ್ದರು. ರೈಲು ಬಂದಾಗ ಅಲ್ಲಿ ಜವಾಬ್ದಾರಿ ಇರುವುದು ಇಬ್ಬರ ಮೇಲೆ ಮಾತ್ರ. ಮುಂದೆ ಇಂಜಿನ್ನಿನಲ್ಲಿ ಕೂತ ಚಾಲಕ, ಹಿಂದೆ ಕೊನೆಯ ಬೋಗಿಯಲ್ಲಿ ನಿಂತ ಗಾರ್ಡ್. 2022ರಿಂದ ಅವರನ್ನು ಟ್ರೈನ್ ಮ್ಯಾನೇಜರ್ ಎನ್ನಬೇಕಂತೆ. ಈ ಕಡೆಯ ಜನಕ್ಕೆ ಅವರು ಇನ್ನೂ ಗಾರ್ಡಪ್ಪನೇ. ಅವರ ಕಣ್ಣು ಪ್ಲಾಟ್‌ಫಾರಮ್ಮಿನ ಉದ್ದಕ್ಕೂ ಒಂದು ಸಲ ಹರಿದು, ಇಳಿಯುವವರು ಇಳಿದರು, ಹತ್ತುವವರು ಹತ್ತಿದರು ಎಂದು ಖಾತ್ರಿ ಮಾಡಿಕೊಂಡ ಮೇಲೆಯೇ ಬಾವುಟ ಏಳುವುದು.

ಜಗಲಿಗೆ ಒಬ್ಬ ತಾತ ಬಂದರು. ಹೆಗಲ ಮೇಲೆ ಟವೆಲ್, ಕೈಯಲ್ಲಿ ಮೇಕೆಯ ಹಗ್ಗ.

"ಗಾಡಿ ಹೋಯ್ತಲ್ಲ ಸ್ವಾಮಿ, ಇನ್ನೂ ಕೂತಿದೀರ?"

"ಗಾಡಿಗಲ್ಲ ತಾತ, ಟೇಸನ್ ನೋಡೋಕೆ ಬಂದೆ."

ಅವರು ಮೇಕೆಯನ್ನು ಕಂಬಕ್ಕೆ ಕಟ್ಟಿ ಪಕ್ಕದಲ್ಲಿ ಕೂತರು. ಅವರ ತಂದೆ ಈ ಲೈನಿನ ಮೇಲೆ ಗ್ಯಾಂಗ್ ಕೆಲಸ ಮಾಡಿದವರು. ಸುತ್ತಿಗೆ ಹೆಗಲಿಗೇರಿಸಿ ನಡೆಯುತ್ತ, ಹಳಿಯ ಮೇಲೆ ಒಂದೊಂದೇ ಏಟು ಹಾಕಿ, ಸದ್ದಿನಿಂದಲೇ ಕೊರೆ ಕಂಡುಹಿಡಿಯುತ್ತಿದ್ದರಂತೆ. "ಸಣ್ಣ ಗಾಡಿ ಹೊಗೆ ಬಿಟ್ಕೊಂಡು ಏರು ಹತ್ತೋವಾಗ ನಾವು ಹುಡುಗ್ರು ಇಳಿದು ಪಕ್ಕದಲ್ಲೇ ಓಡ್ತಿದ್ವಿ. ಹುಣಸೆಕಾಯಿ ಕಿತ್ಕೊಂಡು ಮತ್ತೆ ಹತ್ತಿಕೊಳ್ತಿದ್ವಿ. ಗೂಡು, ಆಲೂಗಡ್ಡೆ, ಹೂವು, ಮದುವೆ ದಿಬ್ಬಣ, ಎಲ್ಲ ಅದ್ರಲ್ಲೇ. ಶಿವರಾತ್ರಿಗೆ ನಂದಿ ತೇರು ಬಂತು ಅಂದ್ರೆ ಈ ಟೇಸನ್ನಲ್ಲಿ ಕಾಲಿಡೋಕೆ ಜಾಗ ಇರ್ತಿರ್ಲಿಲ್ಲ." ಸ್ವಲ್ಪ ಸುಮ್ಮನಿದ್ದು ಅಂದರು: "ಆಮೇಲೆ ಬಸ್ಸು ಬಂತು, ಲಾರಿ ಬಂತು. ಗಾಡಿ ಖಾಲಿ ಓಡ್ತಿತ್ತು. ನಿಂತೇ ಹೋಗುತ್ತೆ ಅಂದ್ಕೊಂಡಿದ್ವಿ."

ನಿಂತೇ ಹೋಗುತ್ತದೆ. ಹಳಿಯ ಮೇಲೆ ಆ ಮಾತಿಗೆ ಎರಡು ಅರ್ಥ. ಒಂದು ನಿಮಿಷ ನಿಂತು ಹೋಗುವುದು ಊರಿಗೆ ಬದುಕು. ಪೂರ್ತಿ ನಿಂತೇ ಹೋಗುವುದು ಊರು ನಕಾಶೆಯಿಂದ ಜಾರುವ ಮೊದಲ ಸೂಚನೆ. 1990ರ ದಶಕದಲ್ಲಿ ಯಲಹಂಕ–ಚಿಕ್ಕಬಳ್ಳಾಪುರ ನಡುವೆ ಸಣ್ಣ ಹಳಿ ಕಿತ್ತು ದೊಡ್ಡ ಹಳಿ ಹಾಕಿದರು. ಚಿಕ್ಕಬಳ್ಳಾಪುರದಿಂದ ಕೋಲಾರದ ಭಾಗ ಅದಕ್ಕಾಗಿ ಬಹಳ ಕಾಲ ಕಾಯಬೇಕಾಯಿತು. ಅಲ್ಲಿ ದೊಡ್ಡ ರೈಲು ಓಡಿದ್ದು 2013ರಲ್ಲಿ. ತವರಿಗೆ ರೈಲು ಎರಡನೆಯ ಸಲ ಬಂದದ್ದನ್ನು ನನ್ನ ಅಜ್ಜಿ ನೋಡಲೇ ಇಲ್ಲ. ಈಗ ಹಳಿಯ ಮೇಲೆ ವಿದ್ಯುತ್ ತಂತಿ ಬಂದಿದೆ. 2022ರ ಡಿಸೆಂಬರಿನಿಂದ ಮೆಮು ಎಂಬ ವಿದ್ಯುತ್ ರೈಲು ಓಡುತ್ತಿದೆ. ಪರಂಪರೆ ಕಾಪಾಡುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಶಾಖೆ ಈ ಮಾರ್ಗದ ಶತಮಾನದ ಕಟ್ಟಡಗಳ ಜೀರ್ಣೋದ್ಧಾರಕ್ಕೆ ಕೈಹಾಕಿದೆ. ಹಂಚು ಸರಿಯಾಗುವುದನ್ನು, ಗೋಡೆಗೆ ಗಾರೆ ಬೀಳುವುದನ್ನು ಕಂಡು ಯಾರಿಗೆ ಸಂತೋಷವಾಗುವುದಿಲ್ಲ?

ತಾತ ತೋರಿಸಿದ ದಾರಿಯಲ್ಲಿ ನಂದಿ ಗ್ರಾಮದ ಕಡೆ ನಡೆದೆ. ಮೈಲಿಯೊಂದರ ನಡಿಗೆ. ಬೆಟ್ಟದ ಬುಡದಲ್ಲಿ ಭೋಗನಂದೀಶ್ವರನ ಗುಡಿ. ಬೆಟ್ಟದ ಮೇಲಿರುವವನು ಯೋಗನಂದೀಶ್ವರ, ಕೆಳಗಿರುವವನು ಭೋಗನಂದೀಶ್ವರ. ಜೊತೆಗೆ ಅರುಣಾಚಲೇಶ್ವರ, ನಡುವೆ ಉಮಾಮಹೇಶ್ವರ. ಬಾಣರು, ನೊಳಂಬರು, ಚೋಳರು, ಹೊಯ್ಸಳರು, ವಿಜಯನಗರದವರು ಒಬ್ಬರ ಮೇಲೊಬ್ಬರು ಕೈಯಿಟ್ಟು ಬೆಳೆಸಿದ ಗುಡಿ. ಗುಡಿಯ ಕಲ್ಯಾಣಿ ಶೃಂಗಿತೀರ್ಥದ ಮೆಟ್ಟಿಲ ಮೇಲೆ ಕೂತಾಗ ಒಂದು ವಿಷಯ ಮನಸ್ಸಿಗೆ ಬಂತು. ಈ ಗುಡಿಯ ಹಳೆಯ ದಾಖಲೆ ರಾಷ್ಟ್ರಕೂಟ ಮುಮ್ಮಡಿ ಗೋವಿಂದನ ಕಾಲದ್ದು, ಕ್ರಿ.ಶ. 806ರದು. ಅದು ಹೇಳುವುದು ಗುಡಿಗೆ ಕೊಟ್ಟ ದತ್ತಿಯ ಮಾತು. ಕಲ್ಲು ಕಟ್ಟಿದ್ದು ಒಂದು ಕೆಲಸ. ನಾಳೆಯೂ ದೀಪ ಹಚ್ಚಲು ಎಣ್ಣೆಗೆ ದಾರಿ ಮಾಡಿದ್ದು ಇನ್ನೊಂದು ಕೆಲಸ. ಎರಡನೆಯದು ನಡೆದುಕೊಂಡು ಬಂದದ್ದರಿಂದಲೇ ಇದು ಸ್ಮಾರಕವಾಗದೆ ಗುಡಿಯಾಗಿ ಉಳಿದಿದೆ.

ನನ್ನ ಮನಸ್ಸು ಮತ್ತೆ ಹಾಲ್ಟಿಗೇ ಹೋಯಿತು. ಹಂಚಿನ ಮಾಡು ಅದರ ಕಲ್ಲು. ರೈಲು ದಿನಾ ನಿಲ್ಲುವ ಆ ಒಂದು ನಿಮಿಷ ಅದರ ದೀಪದೆಣ್ಣೆ. ಕಟ್ಟಡ ಚೆನ್ನಾಗಿದ್ದು ರೈಲು ನಿಲ್ಲದಿದ್ದರೆ ಅದು ನೋಡುವ ವಸ್ತುವಾಗುತ್ತದೆ. ಕಟ್ಟಡ ಸೋರುತ್ತಿದ್ದರೂ ರೈಲು ನಿಂತರೆ ಅದು ನಿಲ್ದಾಣವೇ. ಎರಡೂ ಬೇಕು. ಆದರೆ ಒಂದನ್ನೇ ಆರಿಸಬೇಕಾಗಿ ಬಂದರೆ ನಾನು ನಿಲುಗಡೆಯ ಪರ. ಪಾರಂಪರಿಕ ಆಸ್ತಿ ಎಂಬ ಮಾತನ್ನು ಗೋಡೆಗೆ ಮಾತ್ರ ಹಚ್ಚುವುದು ಸಾಲದು. ನೂರು ವರ್ಷಗಳಿಂದ ಈ ಬಯಲಿನ ಜನ ಪಡೆದುಕೊಂಡು ಬಂದ ಹಕ್ಕು, ನಮ್ಮೂರಲ್ಲೂ ಗಾಡಿ ನಿಲ್ಲುತ್ತದೆ ಎಂಬ ನಂಬಿಕೆ, ಅದೂ ಪರಂಪರೆಯೇ. ವೇಳಾಪಟ್ಟಿ ಬರೆಯುವವರ ಮೇಜಿನ ಮೇಲೆ ಒಂದು ನಿಮಿಷ ಎಂದರೆ ಉಳಿಸಬಹುದಾದ ಸಮಯ. ಬುಟ್ಟಿ ಹೊತ್ತ ಅಜ್ಜಿಗೆ ಅದು ಅಂದಿನ ದುಡಿಮೆ.

ಬೆಟ್ಟ ಕಂಡಷ್ಟು ದೊಡ್ಡವರನ್ನು ಈ ನಿಲ್ದಾಣ ಕಂಡಿರಲಿಕ್ಕಿಲ್ಲ. 1791ರಲ್ಲಿ ಕಾರ್ನ್‌ವಾಲಿಸನ ಸೇನೆ ಕೋಟೆ ಹತ್ತಿತು. ಗಾಂಧೀಜಿ 1927ರಲ್ಲಿ, ಮತ್ತೆ 1936ರಲ್ಲಿ, ದೇಹ ಸೋತಾಗ ಇಲ್ಲಿನ ಗಾಳಿಗೆ ಬಂದು ತಂಗಿದರು. 1986ರಲ್ಲಿ ಸಾರ್ಕ್ ದೇಶಗಳ ನಾಯಕರು ಮೇಲೆ ಕೂತು ಮಾತಾಡಿದರು. ಆ ಎಲ್ಲ ಹೆಸರುಗಳಿಗೆ ಬೆಟ್ಟದ ಮೇಲೆ ಜಾಗವಿದೆ. ಹೆಸರು ಎಲ್ಲೂ ಬರೆಯದವರಿಗೆ ಕೆಳಗಿನ ಈ ಟಿಕೆಟ್ ಕಿಂಡಿಯ ಸವೆದ ಅಂಚಿದೆ.

ಸಂಜೆಯ ಗಾಡಿಗೆ ಮರಳಿ ಬಂದೆ. ಸೂರ್ಯ ಬೆಟ್ಟದ ಭುಜದ ಹಿಂದೆ ಜಾರಿ, ಬಯಲಿನ ಮೇಲೆ ಅದರ ನೆರಳು ಉದ್ದಕ್ಕೆ ಬಿದ್ದಿತ್ತು. ಕಾಯುತ್ತಿದ್ದವರು ಏಳೆಂಟು ಜನ. ಕಾಲೇಜು ಹುಡುಗಿಯರಿಬ್ಬರು, ಸೇವಂತಿಗೆ ಮೂಟೆಯ ಮೇಲೆ ಕೈಯಿಟ್ಟು ಕೂತ ರೈತ, ಬೆಟ್ಟ ಇಳಿದು ಬಂದ ಇಬ್ಬರು ಚಾರಣಿಗರು. ಯಾರೂ ಘೋಷಿಸಲಿಲ್ಲ. ಆದರೂ ಎಲ್ಲರೂ ಒಟ್ಟಿಗೇ ಎದ್ದರು. ಹಳಿ ಸಣ್ಣಗೆ ಗುನುಗತೊಡಗಿತ್ತು.

ರೈಲು ನಿಂತಿತು. ಮೂಟೆ ಏರಿತು, ನಾವು ಏರಿದೆವು. ನಾನು ಕೊನೆಯ ಬೋಗಿಯ ಬಾಗಿಲಲ್ಲಿದ್ದೆ. ಗಾರ್ಡ್ ಬಾವುಟ ಎತ್ತುವುದರಲ್ಲಿದ್ದರು, ಕೈ ಅರ್ಧಕ್ಕೆ ನಿಂತಿತು. ಹೊಲದ ಬದುವಿನ ಮೇಲೆ ಒಬ್ಬ ಹೆಂಗಸು ಓಡಿ ಬರುತ್ತಿದ್ದಳು. ಕಂಕುಳಲ್ಲಿ ಮಗು, ಇನ್ನೊಂದು ಕೈಯಲ್ಲಿ ಆಸ್ಪತ್ರೆಯ ಫೈಲು ಇಟ್ಟ ಪ್ಲಾಸ್ಟಿಕ್ ಚೀಲ. ಗಾರ್ಡ್ ಕೈಗಡಿಯಾರ ನೋಡಿದರು, ಅವಳನ್ನು ನೋಡಿದರು. "ನಿಧಾನ ಬಾಮ್ಮಾ, ಬೀಳ್ತೀಯ" ಎಂದು ಕೂಗಿದರು. ಅವಳು ಬಂದು ಮಗುವನ್ನು ಮೊದಲು ನನ್ನ ಕೈಗೆ ಕೊಟ್ಟಳು. ಬೆಳಿಗ್ಗೆ ಬುಟ್ಟಿ ಹಿಡಿದ ಅದೇ ಕೈ. ಅವಳು ಹತ್ತಿದ ಮೇಲೆ ಬಾವುಟ ಪೂರ್ತಿ ಎದ್ದಿತು.

ಆ ದಿನ ನಂದಿಯಲ್ಲಿ ರೈಲು ಬಹುಶಃ ಒಂದೂವರೆ ನಿಮಿಷ ನಿಂತಿತು. ಮಗು ನನ್ನ ಅಂಗಿಯ ಗುಂಡಿ ಹಿಡಿದುಕೊಂಡಿತ್ತು, ಅಮ್ಮನ ಕೈಗೆ ಹೋಗುವಾಗಲೂ ಬಿಡಲಿಲ್ಲ. ಮುಂದಿನ ನಿಲುಗಡೆಗಳ ಹೆಸರನ್ನು ನಾನು ಅಜ್ಜಿಯ ಧಾಟಿಯಲ್ಲೇ ಹೇಳಿಕೊಂಡೆ, ಈ ಸಲ ತಿರುಗುಮುರುಗಾಗಿ: ಆವತಿಹಳ್ಳಿ, ದೇವನಹಳ್ಳಿ, ದೊಡ್ಡಜಾಲ, ಬೆಟ್ಟಹಲಸೂರು.